ಸವಡಿಯ ದುರ್ಗಸಿಂಹನ ಕಾಲವೂ ಕೋಶಗಳ ಸಾಕ್ಷ್ಯವೂ

ಕವಿಗಳ, ಪ್ರವಾಸಿಗಳ, ವೀರಪುರುಷರ ಜೀವನವೃತ್ತಾಂತವನ್ನು ತಿಳಿಯಬಯಸುವವರು ಮೊಟ್ಟಮೊದಲು ಕೈಯಿಕ್ಕುವುದು ವಿಶ್ವಕೋಶಕ್ಕೆ. ಇದು ಯುಕ್ತವೇ ಆಗಿರುವುದು. ನೂರು ಗ್ರಂಥಗಳಲ್ಲಿ ಚದರಿದ ಸಂಗತಿಗಳು ಅಲ್ಲಿ ಒಂದೆರಡು ಪುಟಗಳಲ್ಲಿ ದೊರೆಯುವವು. ಆದರೆ ಕೋಶವನ್ನು ಹೇಗೆ ಓದತಕ್ಕದ್ದೆಂಬುದನ್ನು ನಾನು ಮೂವತ್ತು ವರ್ಷಗಳ ಕಾಲ ಶಾಲೆಯಲ್ಲಿ ಪಾಠ ಹೇಳಿಯೂ ಅರಿತಿರಲಿಲ್ಲ. ನಿವೃತ್ತನಾದ ತರುವಾಯ ನನ್ನ ಹಳೆಯ ಶಿಷ್ಯನೊಬ್ಬನಿಂದ ಅರಿತೆನು. ಆ ಸಂಗತಿಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವು.

ಆ ಶಿಷ್ಯನು ಸವಡಿಯ ಕಡೆಯವನು. ಅವನ ಮಗಳಿಗೆ ಶಾಲೆಯಲ್ಲಿ 'ನಮ್ಮ ತಾಲೂಕಿನ ಕವಿ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದ್ದರು. ಹುಡುಗಿಯು ಗ್ರಂಥಾಲಯದ ಕೋಶವೊಂದನ್ನು ತೆರೆದು, ಕನ್ನಡ ಪಂಚತಂತ್ರದ ಕರ್ತೃವಾದ ದುರ್ಗಸಿಂಹನು ಹನ್ನೊಂದನೆಯ ಶತಮಾನದವನೆಂದು ಬರೆದುಕೊಂಡು ಬಂದಳು. ತಂದೆಯು ತನ್ನ ಹಳೆಯ ಟಿಪ್ಪಣಿಯ ಪುಸ್ತಕವನ್ನು ತೆಗೆದನು. ಅದರಲ್ಲಿ ನಾನು ಹೇಳಿ ಬರೆಯಿಸಿದ ಮಾತು ಇದ್ದಿತು: ದುರ್ಗಸಿಂಹನು ಬಸವಣ್ಣನವರ ಸಮಕಾಲೀನನು, ಸುಮಾರು ೧೧೪೫. ಇಬ್ಬರೂ ಕೂಡಿ ಒಂದು ಸಾಯಂಕಾಲ ನನ್ನ ಮನೆಗೆ ಬಂದರು. "ಗುರುಗಳೆ, ಇವೆರಡರೊಳಗ ಖರೆ ಯಾವುದು? ನೀವು ಹೇಳಿದ್ದೋ, ಪುಸ್ತಕದಾಗಿನದೋ?" ಎಂದು ಅವನು ವಿನಯದಿಂದಲೇ ಕೇಳಿದನು. ಹುಡುಗಿಯು ಏನನ್ನೂ ಕೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ನೂರಕ್ಕೂ ಮಿಕ್ಕಿದ ವರ್ಷಗಳ ಅಂತರವಿರುವ ಪ್ರಶ್ನೆಗೆ ನಾನು ಆ ದಿನ ಉತ್ತರ ಕೊಡಲಾರದೆ, ಎಂಟು ದಿನಗಳ ಅವಧಿಯನ್ನು ಬೇಡಿಕೊಂಡೆನು.

ನನ್ನ ತಪ್ಪಿನ ಮೂಲವನ್ನು ಮೊದಲು ಹೇಳಿಬಿಡುವೆನು. ನಾನು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ಅಲ್ಲಿ ಕೋಶವೆಂದರೆ ಅಮರಕೋಶ. ಅದನ್ನು ಬೆಳಗಿನ ಝಾವದಲ್ಲಿ ಬಾಯಿಪಾಠ ಮಾಡುವುದು. ಕಂಠಸ್ಥವಾದದ್ದರ ಮೇಲೆ ಪ್ರಶ್ನೆಯಿಲ್ಲ. ಈ ಅಭ್ಯಾಸವನ್ನೇ ನಾನು ಚರಿತ್ರೆಯ ಕೋಶಗಳಿಗೂ ಹಚ್ಚಿದೆನು. ಶಬ್ದಗಳ ಕೋಶವನ್ನು ಕಂಠಸ್ಥ ಮಾಡಬಹುದು. ಮನುಷ್ಯರ ಜೀವನದ ಕೋಶವನ್ನು ಮಾತ್ರ ಪ್ರಶ್ನಿಸಿ ಓದಬೇಕು. ಒಂದನೆಯದರಲ್ಲಿ ಗುರುವು ಹೇಳಿದ್ದು ಮುಗಿದ ಮಾತು. ಎರಡನೆಯದರಲ್ಲಿ ಅದು ಆರಂಭದ ಮಾತು.

ಕನ್ನಡ ಕವಿಗಳ ಜೀವನವನ್ನು ಅರಿಯಲು ನಮಗೆ ದೊರೆತ ಮೊದಲನೆಯ ಮಹಾಕೋಶವು ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'. ಅದರ ಮೂರು ಸಂಪುಟಗಳು ಕ್ರಮವಾಗಿ ೧೯೦೭, ೧೯೧೯, ೧೯೨೯ರಲ್ಲಿ ಪ್ರಕಟವಾದವು. ಓಲೆಗರಿಗಳನ್ನು ಹುಡುಕಿ, ಶಾಸನಗಳನ್ನು ಓದಿ, ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಕವಿಗಳ ಹೆಸರು, ಕಾಲ, ಕೃತಿಗಳನ್ನು ಕಲೆಹಾಕಿದ ಆ ಮಹನೀಯರ ಉಪಕಾರವನ್ನು ಕನ್ನಡಿಗರು ತೀರಿಸಲಾರರು. ದುರ್ಗಸಿಂಹನ ಹೆಸರನ್ನು ನಮ್ಮಂಥ ಊರಿನ ಮಾಸ್ತರರ ಕಿವಿಗೆ ಮುಟ್ಟಿಸಿದ್ದೂ ಆ ಗ್ರಂಥವೇ. ಅದರಲ್ಲಿ ಕವಿಯ ಕಾಲವು ಹನ್ನೆರಡನೆಯ ಶತಮಾನದ ಮಧ್ಯಭಾಗಕ್ಕೆ ನಿರ್ಣಯವಾಗಿದ್ದಿತು. ಕಾರಣವಿಷ್ಟೇ: ದುರ್ಗಸಿಂಹನು ತನ್ನ ಒಡೆಯನನ್ನು ಜಗದೇಕಮಲ್ಲನೆಂದು ಕರೆದಿರುವನು. ಕಲ್ಯಾಣದ ಚಾಲುಕ್ಯರಲ್ಲಿ ಈ ಬಿರುದು ಇಬ್ಬರಿಗೆ ಸಲ್ಲುವುದು. ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ, ೧೦೪೨ರ ಸುಮಾರಿನವರೆಗೆ ಆಳಿದ ಇಮ್ಮಡಿ ಜಯಸಿಂಹನು ಒಬ್ಬನು; ೧೧೩೮ರಿಂದ ೧೧೫೧ರ ಸುಮಾರಿನವರೆಗೆ ಆಳಿದ ಇಮ್ಮಡಿ ಜಗದೇಕಮಲ್ಲನು ಇನ್ನೊಬ್ಬನು. ಆಚಾರ್ಯರು ಕವಿಯ ಒಡೆಯನನ್ನು ಈ ಎರಡನೆಯವನೆಂದು ತಿಳಿದರು. ಅಲ್ಲಿಂದ ಆ ಕಾಲವು ಬೇರೆ ಗ್ರಂಥಗಳಿಗೆ ಹೋಯಿತು. ಗ್ರಂಥಗಳಿಂದ ಪಾಠಪುಸ್ತಕಗಳಿಗೆ, ಅವುಗಳಿಂದ ನನ್ನ ನಾಲಗೆಗೆ, ನನ್ನ ನಾಲಗೆಯಿಂದ ಆ ಶಿಷ್ಯನ ಟಿಪ್ಪಣಿಗೆ ಬಂದಿತು. ಹತ್ತು ಪುಸ್ತಕಗಳು ಒಂದೇ ಮಾತನ್ನು ಹೇಳಿದರೆ ಹತ್ತು ಸಾಕ್ಷಿಗಳಾದವೆಂದು ನಾನು ಭ್ರಮಿಸಿದ್ದೆನು. ಒಬ್ಬನ ಮಾತನ್ನು ಒಂಬತ್ತು ಜನರು ಮತ್ತೆ ಹೇಳಿದರೆ ಸಾಕ್ಷಿಯು ಒಂದೇ.

ಆ ಎಂಟು ದಿನಗಳಲ್ಲಿ ನಾನು ಮಾಡಿದ್ದು ಇಷ್ಟೇ. ಕೋಶವನ್ನು ಮುಚ್ಚಿ ಕಾವ್ಯವನ್ನೇ ತೆರೆದೆನು. ದುರ್ಗಸಿಂಹನು ತನ್ನ ವಿಷಯವನ್ನು ಮುಚ್ಚಿಡುವ ಕವಿಯಲ್ಲ. ಕಿಸುಕಾಡು ನಾಡಿನ ಸಯ್ಯಡಿಯೆಂಬ ಅಗ್ರಹಾರವು ತನ್ನ ಸ್ಥಳವೆಂದು ಹೇಳುವನು. ತಾನು ಚಕ್ರವರ್ತಿಯ ಸಂಧಿವಿಗ್ರಹಿ, ಅಂದರೆ ಯುದ್ಧ ಮತ್ತು ಸಂಧಿಗಳ ವ್ಯವಹಾರವನ್ನು ನೋಡುವ ಮಂತ್ರಿ ಎಂದು ಹೇಳುವನು. ಅರಸನ ಅಪ್ಪಣೆಯಂತೆ ಸಯ್ಯಡಿಯಲ್ಲಿ ಹರಿಹರರ ದೇವಾಲಯವನ್ನು ಕಟ್ಟಿಸಿದುದನ್ನೂ, ಗುರುವಾದ ಶಂಕರಭಟ್ಟರನ್ನೂ ಸ್ಮರಿಸುವನು. ಈ ಸಯ್ಯಡಿಯೇ ರೋಣ ತಾಲೂಕಿನ ಇಂದಿನ ಸವಡಿಯೆಂದು ವಿದ್ವಾಂಸರು ಗುರುತಿಸಿರುವರು. ಕಿಸುಕಾಡು ಎಪ್ಪತ್ತು ಎಂಬ ನಾಡಿನ ಹೆಸರಿಗಂತೂ ಕಲ್ಲಿನ ಆಧಾರವೇ ಉಂಟು. ಗಜೇಂದ್ರಗಡದ ಸಮೀಪದ ಸೂಡಿಯ ಶಾಸನಗಳಲ್ಲಿ ಆ ನಾಡು ಕಾಣುವುದು. ಅದನ್ನು ಆಳಿದ ಅಕ್ಕಾದೇವಿಯು ಇಮ್ಮಡಿ ಜಯಸಿಂಹನ ಅಕ್ಕ. ಸೂಡಿಯ ನಾಗಕುಂಡವನ್ನು ನೋಡಲು ಹೋಗುವ ನಮ್ಮ ಜನರು ಪಕ್ಕದ ಕಲ್ಲುಗಳ ಮೇಲಿನ ಅಕ್ಷರಗಳನ್ನೂ ಒಮ್ಮೆ ನೋಡಿ ಬರುವುದು ಒಳ್ಳಿತು.

ಇನ್ನು ಕಾಲದ ಮಾತು. ಕಾವ್ಯದ ಕೊನೆಗೆ ಅದು ಮುಗಿದ ದಿನವು ಉಕ್ತವಾಗಿರುವುದು: ಪ್ರಜಾಪತಿ ಸಂವತ್ಸರ, ಚೈತ್ರಮಾಸ, ಶುಕ್ಲಪಕ್ಷ, ದ್ವಾದಶಿ, ಸೋಮವಾರ. ಇದನ್ನು ವಿದ್ವಾಂಸರು ಕ್ರಿ. ಶ. ೧೦೩೧ನೆಯ ಮಾರ್ಚ್ ೮ ಎಂದು ಗಣಿಸಿರುವರು. ಅವರ ಮಾತನ್ನೂ ಬಾಯಿಪಾಠ ಮಾಡಿದರೆ ನಾನು ಹಳೆಯ ತಪ್ಪನ್ನೇ ಮತ್ತೆ ಮಾಡಿದಂತಾಗುವುದಲ್ಲವೇ? ಆದುದರಿಂದ ಪಾಠಶಾಲೆಯಲ್ಲಿ ಕಲಿತ ಪಂಚಾಂಗದ ಲೆಕ್ಕವನ್ನು ಹೊರತೆಗೆದು ಕುಳಿತೆನು.

ಪ್ರಭವಾದಿ ಅರುವತ್ತು ಸಂವತ್ಸರಗಳಲ್ಲಿ ಪ್ರಜಾಪತಿಯು ಐದನೆಯದು. ಅದನ್ನೇ ನಾವು ಪ್ರಜೋತ್ಪತ್ತಿ ಎನ್ನುವುದು. ೧೯೮೭ನೆಯ ಯುಗಾದಿಗೆ ಪ್ರಭವ ಬಂದುದನ್ನು ಮನೆಯ ಹಿರಿಯರು ಬಲ್ಲರು. ಹಾಗಾದರೆ ೧೯೯೧ ಪ್ರಜಾಪತಿ. ಅಲ್ಲಿಂದ ಅರುವತ್ತು ಅರುವತ್ತಾಗಿ ಹಿಂದೆ ಸರಿದರೆ ೧೧೫೧, ೧೦೯೧, ೧೦೩೧ ಎಂಬ ಮೂರು ಪ್ರಜಾಪತಿಗಳು ಚಾಲುಕ್ಯರ ಕಾಲದಲ್ಲಿ ನಿಲ್ಲುವವು. ೧೧೪೫ ಇವುಗಳಲ್ಲಿ ಇಲ್ಲ; ಅದು ಕ್ರೋಧನ ಸಂವತ್ಸರ. ೧೦೯೧ರಲ್ಲಿ ಆಳುತ್ತಿದ್ದವನು ತ್ರಿಭುವನಮಲ್ಲನೆಂಬ ಆರನೆಯ ವಿಕ್ರಮಾದಿತ್ಯನು, ಜಗದೇಕಮಲ್ಲನಲ್ಲ. ೧೧೫೧ ಮಾತ್ರ ಸ್ವಲ್ಪ ಗೊಂದಲವನ್ನುಂಟುಮಾಡುವುದು. ಇಮ್ಮಡಿ ಜಗದೇಕಮಲ್ಲನ ಆಳಿಕೆಯ ತುದಿಯು ಆ ವರ್ಷಕ್ಕೆ ತಾಗುವುದು. ಇಲ್ಲಿ ವಾರವು ನಮಗೆ ನೆರವಾಗುವುದು. ತಿಥಿಯನ್ನೂ ವಾರವನ್ನೂ ಗಣಿಸಿ ನೋಡಲಾಗಿ, ೧೦೩೧ನೆಯ ಮಾರ್ಚ್ ೮ರಂದು ಚೈತ್ರ ಶುದ್ಧ ದ್ವಾದಶಿಯೂ ಸೋಮವಾರವೂ ಕೂಡಿ ಬಂದವು. ೧೧೫೧ರ ಚೈತ್ರ ಶುದ್ಧ ದ್ವಾದಶಿಯು ಮಾರ್ಚ್ ತಿಂಗಳ ಕೊನೆಗೆ, ಶನಿವಾರದ ಆಸುಪಾಸಿನಲ್ಲಿ ಬಂದಿತು. ಸೋಮವಾರಕ್ಕೆ ಅದು ಎಳೆದರೂ ಬಾರದು. ಹೀಗೆ ಸವಡಿಯ ಕವಿಯು ಬರೆದಿಟ್ಟ ಐದು ಶಬ್ದಗಳಿಗೆ ಆಕಾಶದ ಚಂದ್ರನೇ ಸಾಕ್ಷಿಯಾದನು. ಶಾಲಿವಾಹನ ಶಕೆ ೯೫೩ರ ಆ ಸೋಮವಾರಕ್ಕೆ ಮುಂದೆ ನನ್ನಲ್ಲಿ ಸಂದೇಹ ಉಳಿಯಲಿಲ್ಲ.

ಇನ್ನೊಂದು ಪೋಷಕ ಪ್ರಮಾಣವೂ ಉಂಟು. ದುರ್ಗಸಿಂಹನು ಪೂರ್ವಕವಿಗಳನ್ನು ನೆನೆಯುವಾಗ ಶ್ರೀವಿಜಯ, ಅಸಗ, ಪಂಪ, ಪೊನ್ನ ಮೊದಲಾದವರನ್ನು ಹೊಗಳಿರುವನು. ಅಭಿನವಪಂಪನೆಂದು ಖ್ಯಾತನಾದ ನಾಗಚಂದ್ರನ ಹೆಸರು ಅಲ್ಲಿ ಇಲ್ಲ. ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ಬರೆದವನಿಗೆ ಅವನು ಅಪರಿಚಿತನಾಗಿರುವುದು ಹೇಗೆ? ಮೌನವು ತಾನೊಂದೇ ಪ್ರಮಾಣವಾಗಲಾರದು. ಆದರೆ ಪಂಚಾಂಗವು ಹೇಳಿದ ಮಾತಿಗೆ ಅದು ತಲೆದೂಗುವುದು.

"ಕಾಲವು ನೂರು ವರ್ಷ ಹಿಂದಾದರೇನು, ಮುಂದಾದರೇನು? ಕಥೆಗಳು ಅವೇ ಅಲ್ಲವೇ?" ಎಂದು ಕೇಳುವವರು ಇರಬಹುದು. ಅಂಥವರಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಾಲವು ಬದಲಾದರೆ ಮನುಷ್ಯನೇ ಬದಲಾಗುವನು. ೧೧೪೫ರ ದುರ್ಗಸಿಂಹನು ಕುಸಿಯುತ್ತಿದ್ದ ಚಾಲುಕ್ಯ ರಾಜ್ಯದ ಮಂತ್ರಿಯಾಗುವನು. ೧೦೩೧ರ ದುರ್ಗಸಿಂಹನಾದರೋ ಬಡಗಲಲ್ಲಿ ಧಾರೆಯ ಭೋಜನೊಡನೆಯೂ ತೆಂಕಲಲ್ಲಿ ಚೋಳ ರಾಜೇಂದ್ರನೊಡನೆಯೂ ಕಾದಾಡಿದ ಜಯಸಿಂಹನ ಸಂಧಿವಿಗ್ರಹಿ. ಅವನ ಪಂಚತಂತ್ರದ ಐದು ಭಾಗಗಳ ಹೆಸರು ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ. ಎರಡು ದಿಕ್ಕುಗಳಲ್ಲಿ ಬಲವಂತರಾದ ಶತ್ರುಗಳನ್ನಿಟ್ಟುಕೊಂಡು, ಯಾರನ್ನು ನಂಬಬೇಕು, ಯಾರನ್ನು ಪರೀಕ್ಷಿಸಬೇಕು, ಯಾರಲ್ಲಿ ಭೇದವನ್ನು ಹುಟ್ಟಿಸಬೇಕೆಂದು ನಿತ್ಯವೂ ಎಣಿಸುತ್ತಿದ್ದ ಮನುಷ್ಯನು ಆ ಹೆಸರುಗಳನ್ನು ಬರೆದನೆಂದು ಅರಿತು ಓದಿದರೆ, ಸಿಂಹ ನರಿಗಳ ಕಥೆಯು ಮಕ್ಕಳ ಕಥೆಯಾಗಿ ಮಾತ್ರ ಉಳಿಯುವುದಿಲ್ಲ.

ಮತ್ತೊಂದು ಲಾಭವೂ ಉಂಟು. ದುರ್ಗಸಿಂಹನು ವಿಷ್ಣುಶರ್ಮನನ್ನಲ್ಲ, ವಸುಭಾಗನೆಂಬವನ ಪಂಚತಂತ್ರವನ್ನು ಅನುಸರಿಸಿರುವನು. ಆ ವಸುಭಾಗನ ಸಂಸ್ಕೃತ ಮೂಲವು ಇಂದು ಲಭ್ಯವಿಲ್ಲ. ಜಾವಾ ದ್ವೀಪದ ತಂತ್ರಿ ಕಥೆಗಳು ಅದೇ ಪರಂಪರೆಗೆ ಹತ್ತಿದವೆಂದು ಸಂಶೋಧಕರು ತೋರಿಸಿರುವರು. ಸಂಸ್ಕೃತದಲ್ಲಿ ಪೂರ್ಣಭದ್ರನು ತನ್ನ ಪಂಚತಂತ್ರವನ್ನು ಪರಿಷ್ಕರಿಸಿದ್ದು ೧೧೯೯ರಲ್ಲಿ. ನಮ್ಮ ಸವಡಿಯ ಕೃತಿಯು ಅದಕ್ಕಿಂತ ನೂರ ಅರುವತ್ತೆಂಟು ವರ್ಷ ಹಿರಿದು. ಜಗತ್ತಿನ ಕಥಾಸಾಹಿತ್ಯದ ಚರಿತ್ರೆಯಲ್ಲಿ ಈ ಊರಿಗೆ ಸಲ್ಲುವ ಸ್ಥಾನವು ಕಾಲನಿರ್ಣಯದ ಮೇಲೆ ನಿಂತಿರುವುದು. ಅಲ್ಲದೆ ಅದೇ ಜಯಸಿಂಹನ ಆಶ್ರಯದಲ್ಲಿ ಇನ್ನೊಬ್ಬ ಕನ್ನಡಿಗನು, ಚಾವುಂಡರಾಯನೆಂಬವನು, ಜ್ಯೋತಿಷ, ವಾಸ್ತು, ವೃಕ್ಷಾಯುರ್ವೇದ, ಪಾಕಶಾಸ್ತ್ರಾದಿಗಳನ್ನು ಒಂದೆಡೆ ಕೂಡಿಸಿ 'ಲೋಕೋಪಕಾರ'ವನ್ನು ರಚಿಸಿದನು. ಕನ್ನಡದಲ್ಲಿ ವಿಶ್ವಕೋಶದ ಜಾತಿಗೆ ಸೇರುವ ಮೊದಮೊದಲ ಗ್ರಂಥಗಳಲ್ಲಿ ಅದೊಂದು. ಕೋಶದ ತಪ್ಪಿನಿಂದ ಶತಮಾನ ತಪ್ಪಿದ್ದ ನಮ್ಮ ಕವಿಯು ತನ್ನ ಕಾಲಕ್ಕೆ ಮರಳಿ ಬಂದಾಗ, ಕೋಶಕಾರನ ಪಕ್ಕದಲ್ಲಿಯೇ ಕುಳಿತನು!

ಊರಿನಲ್ಲಿ ಕುಳಿತು ಬರೆದ ಕವಿಗೆ ಪಂಚಾಂಗದ ಆಸರೆಯಿದ್ದಿತು. ಊರು ಬಿಟ್ಟು ಹೋದ ಪ್ರವಾಸಿಯ ಜೀವನವನ್ನು ಅರಿಯುವುದು ಇದಕ್ಕಿಂತ ಕಠಿಣ. ನಮ್ಮ ಬೀದರಕ್ಕೆ ಬಂದಿದ್ದ ರುಸಿಯಾ ದೇಶದ ವರ್ತಕ ಅಫನಾಸಿ ನಿಕಿತಿನನನ್ನು ತೆಗೆದುಕೊಳ್ಳಿರಿ. ತ್ವೆರ ಪಟ್ಟಣದವನಾದ ಇವನನ್ನು ವೋಲ್ಗಾ ನದಿಯ ದಾರಿಯಲ್ಲಿ ಕಳ್ಳರು ಸುಲಿದರು. ಅವನ ಧರ್ಮಗ್ರಂಥಗಳೂ ಹೋದವು. ಮುಂದೆ ಬಹಮನಿ ರಾಜ್ಯದಲ್ಲಿ ತಿರುಗುವಾಗ ತನ್ನ ಈಸ್ಟರ್ ಹಬ್ಬವು ಯಾವ ದಿನ ಬಂದಿತೆಂಬುದೂ ತನಗೆ ತಿಳಿಯದೆಂದು ಅವನು ಮರುಗಿ ಬರೆದಿರುವನು. ದಿನವನ್ನು ಕಳೆದುಕೊಂಡವನ ಚರಿತ್ರೆಗೆ ದಿನವನ್ನು ಕೂಡಿಸುವುದು ಹೇಗೆ? ಆದುದರಿಂದಲೇ ಕೆಲವು ಗ್ರಂಥಗಳು ಅವನ ಪ್ರವಾಸವನ್ನು ೧೪೬೬ರಿಂದ ೧೪೭೨ ಎನ್ನುವವು. ಬೇರೆ ಕೆಲವು ೧೪೬೮ರಿಂದ ಆರಂಭಿಸಿ ೧೪೭೪–೭೫ಕ್ಕೆ ಮುಗಿಸುವವು. ಅವನು ಕಂಡ ಹಬ್ಬಗಳನ್ನೂ ಕೇಳಿದ ಯುದ್ಧಗಳನ್ನೂ ನಮ್ಮ ದೇಶದ ಚರಿತ್ರೆಯೊಡನೆ ಹೊಂದಿಸಿ ನೋಡಿದ ಮೇಲೆಯೇ ಎರಡನೆಯ ಪಕ್ಷವು ಬಲಗೊಂಡಿತು. ಪಾಪ, ಅವನು ತನ್ನ ಊರನ್ನು ಮತ್ತೆ ಕಾಣಲಿಲ್ಲ. ಸ್ಮೋಲೆನ್ಸ್ಕ್ ಪಟ್ಟಣವನ್ನು ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡನು. ಅವನ ಕೈಬರಹವು ಮಾತ್ರ ಮಾಸ್ಕೋವನ್ನು ಸೇರಿತು. ಕೋಶದಲ್ಲಿ ಅವನ ಹೆಸರಿನ ಮುಂದೆ ಎರಡು ಬಗೆಯ ಕಾಲವನ್ನು ಕಂಡವರು ಬೇಸರಪಡಬಾರದು. ಆ ಭೇದದಲ್ಲಿಯೇ ಅವನ ಪಾಡು ಅಡಗಿರುವುದು.

ಕಾಲದಂತೆ ವಿಶೇಷಣವನ್ನೂ ಪರೀಕ್ಷಿಸಬೇಕು. ಇದಕ್ಕೆ ದೂರ ಹೋಗುವುದು ಬೇಡ, ನರಗುಂದವಿದೆ. ಅಲ್ಲಿಯ ಸಂಸ್ಥಾನಿಕ ಭಾಸ್ಕರರಾವ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ದತ್ತಕಕ್ಕೆ ಸರಕಾರದ ಅನುಮತಿ ದೊರೆಯದೆ ಕುದಿದು ೧೮೫೮ರಲ್ಲಿ ಎದ್ದನು. ಮೇ ೨೯ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟನಾದ ಮ್ಯಾನ್ಸನ್ ಹತನಾದನು. ಜೂನ್ ೧೨ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ೧೮೮೪ರಲ್ಲಿ ಮುಂಬಯಿ ಸರಕಾರವು ಪ್ರಕಟಿಸಿದ ಧಾರವಾಡ ಜಿಲ್ಲೆಯ ಗ್ಯಾಝೆಟಿಯರು ಬೆಳೆ, ಮಳೆ, ಕೆರೆ, ಕೋಟೆಗಳ ವಿಷಯದಲ್ಲಿ ಇಂದಿಗೂ ಉಪಯುಕ್ತವಾದ ಒಂದು ಪ್ರಾಂತಕೋಶವೇ ಸರಿ. ಆದರೆ ಅಂದಿನ ಸರಕಾರದ ಪುಸ್ತಕಗಳಿಗೆ ಬಾಬಾಸಾಹೇಬನು ಬಂಡಾಯಗಾರನು. ನಮ್ಮ ಇಂದಿನ ಕೋಶಗಳಿಗೆ ಸ್ವಾತಂತ್ರ್ಯವೀರನು. ತಾರೀಖುಗಳು ಎರಡರಲ್ಲಿಯೂ ಅವೇ. ಅವನಲ್ಲಿ ಸಾವಿರಾರು ಸಂಸ್ಕೃತ ಗ್ರಂಥಗಳ ಭಂಡಾರವಿದ್ದಿತೆಂಬುದನ್ನು ಆಂಗ್ಲ ಇತಿಹಾಸಕಾರರೇ ಬರೆದಿಟ್ಟಿರುವರು. ಬಂಡಾಯಗಾರ, ವೀರ ಎಂಬ ಎರಡು ಮಾತುಗಳ ನಡುವೆ ಗ್ರಂಥಪ್ರಿಯನಾದ ಈ ಮನುಷ್ಯನು ಎಷ್ಟು ಮರೆಯಾಗಿರುವನೆಂಬುದನ್ನು ವಾಚಕರೇ ಆಲೋಚಿಸಲಿ.

ನ್ಯಾಯಶಾಸ್ತ್ರದಲ್ಲಿ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕೋಶವು ಶಬ್ದಪ್ರಮಾಣವು, ಆಪ್ತನ ಮಾತು. ಆಪ್ತನ ಮಾತನ್ನು ಗೌರವಿಸಬೇಕು. ಆದರೆ ಅವನು ಯಾವ ಆಧಾರದಿಂದ ಹೇಳಿದನೆಂದು ಕೇಳುವುದು ಅಗೌರವವಲ್ಲ. ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಿಂದ ಸಂಪುಟ ಸಂಪುಟವಾಗಿ ಹೊರತಂದ ಕನ್ನಡ ವಿಶ್ವಕೋಶದ ಹದಿನಾಲ್ಕು ಸಂಪುಟಗಳಿರುವವು. ಕೇಂದ್ರ ಸಾಹಿತ್ಯ ಅಕಾಡೆಮಿಯ ಭಾರತೀಯ ಸಾಹಿತ್ಯಕೋಶವೂ ಇರುವುದು. ಇವುಗಳನ್ನು ತೆರೆಯುವವರು ಮೂರು ಸಂಗತಿಗಳನ್ನು ನೆನಪಿನಲ್ಲಿಡಲಿ. ಒಂದೇ ಹೆಸರನ್ನು ಬೇರೆ ಬೇರೆ ದಶಕಗಳಲ್ಲಿ ರಚಿತವಾದ ಎರಡು ಕೋಶಗಳಲ್ಲಿ ನೋಡುವುದು. ಎರಡೂ ಭಿನ್ನವಾದರೆ ಅಲ್ಲಿಯೇ ನಿಂತು ಕಾರಣವನ್ನು ಹುಡುಕುವುದು. ಕೊನೆಗೆ ಆ ಮನುಷ್ಯನೇ ತನ್ನ ವಿಷಯವಾಗಿ ಏನು ಹೇಳಿರುವನೆಂದು ಅವನ ಬರಹದಲ್ಲಿಯೋ ಊರಿನ ಕಲ್ಲಿನಲ್ಲಿಯೋ ಕಾಣುವುದು. ಇದಕ್ಕೆ ದೊಡ್ಡ ಪಾಂಡಿತ್ಯವು ಬೇಡ, ತಾಳ್ಮೆಯು ಬೇಕು.

ಎಂಟನೆಯ ದಿನ ತಂದೆ ಮಗಳು ಮತ್ತೆ ಬಂದರು. ನಾನು ಲೆಕ್ಕದ ಹಾಳೆಯನ್ನು ಹುಡುಗಿಯ ಮುಂದಿಟ್ಟು, ಅರುವತ್ತರಿಂದ ಕಳೆಯುತ್ತ ಹೋಗೆಂದು ಹೇಳಿದೆನು. ಅವಳು ತಾನೇ ೧೦೩೧ಕ್ಕೆ ಬಂದು ಮುಟ್ಟಿದಳು. ಶಿಷ್ಯನು ತನ್ನ ಹಳೆಯ ಟಿಪ್ಪಣಿಯನ್ನು ನನ್ನ ಕೈಗೆ ಕೊಟ್ಟನು. ನಾನು ಹೇಳಿ ಬರೆಯಿಸಿದ ೧೧೪೫ನ್ನು ನನ್ನ ಕೈಯಿಂದಲೇ ಹೊಡೆದು, ಪಕ್ಕದಲ್ಲಿ ಸರಿಯಾದ ವರ್ಷವನ್ನೂ ಅದರ ಕಾರಣವನ್ನೂ ಬರೆದು, ಕೆಳಗೆ ಸಹಿ ಮಾಡಿದೆನು. ಮೂವತ್ತು ವರ್ಷಗಳಲ್ಲಿ ನನ್ನ ಪಾಠವನ್ನು ಕೇಳಿ ಬೇರೆ ಬೇರೆ ಊರುಗಳಿಗೆ ಹೋದವರ ಟಿಪ್ಪಣಿಗಳು ನನ್ನ ಕೈಗೆ ಸಿಕ್ಕುವಂತಿಲ್ಲ. ಅವರಲ್ಲಿ ಕೆಲವರ ಮನೆಗಳಿಗಾದರೂ ಈ ಮಾಸಪತ್ರಿಕೆಯು ಹೋಗುತ್ತಿರಬಹುದು. ಅಂಥವರು ದಯಮಾಡಿ ತಮ್ಮ ಪುಸ್ತಕವನ್ನು ತೆಗೆದು, ಸವಡಿಯ ದುರ್ಗಸಿಂಹನ ಹೆಸರಿನ ಮುಂದೆ ನಾನು ಬರೆಯಿಸಿದ ವರ್ಷವನ್ನು ತಿದ್ದಿಕೊಳ್ಳಬೇಕೆಂದು ಅವರ ಹಳೆಯ ಮಾಸ್ತರನ ಪ್ರಾರ್ಥನೆ.